ಮಾವನ ಹೆಸರು ಹೇಳುವ ಪಾಠ

ಅಯ್ಜಮಾಲ್ ಸತ್ತದ್ದು ಹಾಡಹಗಲಲ್ಲಿ, ಬಟ್ಟಬಯಲಲ್ಲಿ, ಇಪ್ಪತ್ತು ಹೆಂಗಸರ ಕಣ್ಣೆದುರು. ಗೊತ್ತಾಗಲಿಲ್ಲ ಎಂದು ಯಾರೂ ನನ್ನ ಮುಂದೆ ಹೇಳಬಾರದು.

ಬೀನ್ಸ್ ಕೀಳುವ ಕಾಲ. ನಮ್ಮ ತಲಾಸ್ ಕಣಿವೆಯಲ್ಲಿ ಸೆಪ್ಟೆಂಬರ್ ಬಂತೆಂದರೆ ಹೆಂಗಸರ ಬೆನ್ನು ನೆಟ್ಟಗಾಗುವುದಿಲ್ಲ. ಇಬ್ಬನಿ ಆರುವ ಮುಂಚೆ ಗಿಡ ಕೀಳಬೇಕು, ಇಲ್ಲದಿದ್ದರೆ ಕಾಯಿ ಸಿಡಿದು ಕಾಳು ಮಣ್ಣುಪಾಲು. ಬಿಸಿಲೇರಿದ ಮೇಲೆ ಕಣದಲ್ಲಿ ಟಾರ್ಪಾಲು ಹಾಸಿ ಬಡಿಯಬೇಕು, ಕೇರಬೇಕು, ಬಿಳಿ ಕಾಳು ಕೆಂಪು ಕಾಳು ಬೇರೆ ಮಾಡಬೇಕು. ಅಯ್ಜಮಾಲ್ ಎಂಟು ತಿಂಗಳ ಬಸುರಿ. ಕಾಲು ಊದಿ ಯಾವ ಚಪ್ಪಲಿಯೂ ಹಿಡಿಯದೆ ಗಂಡನ ರಬ್ಬರ್ ಬೂಟು ಹಾಕಿಕೊಂಡಿದ್ದಳು. ಗಂಡ ಮಾಸ್ಕೋದಲ್ಲಿ ಗಾರೆ ಕೆಲಸಕ್ಕಿದ್ದ. ಬೂಟು ಮಾತ್ರ ಮನೆಯಲ್ಲಿತ್ತು.

ನಾನು ಈ ಊರಿನ ನರ್ಸ್. ಹೆಸರು ಕುಲಿಪಾ. ಬಸುರಿಯರ, ಬಾಣಂತಿಯರ ಮನೆಮನೆಗೆ ಹೋಗುವುದು ನನ್ನ ಕೆಲಸ. ಗುರುವಾರ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಅವರಿಗೆ ಪಾಠ. ಆ ಗುರುವಾರ ಅಯ್ಜಮಾಲಳ ಬಿ.ಪಿ. ತೀರಾ ಏರಿತ್ತು, ಎರಡು ಸಲ ನೋಡಿದೆ.

"ನಾಳೆನೇ ಜಿಲ್ಲಾ ಆಸ್ಪತ್ರೆಗೆ ಹೋಗ್ಬೇಕು ಕಣೇ," ಅಂದೆ.

"ಕೊಯ್ಲು ಮುಗೀಲಿ ಅಂದ್ರು, ಅಕ್ಕ."

"ಯಾರು ಅಂದ್ರು?"

ಅವಳು ನನ್ನ ಮುಖ ನೋಡಿ ನಕ್ಕಳು. ಯಾರು ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರ ಬಾಯಿಂದಲೂ ಆ ಹೆಸರು ಬರುವಂತಿರಲಿಲ್ಲ.

ನಮ್ಮಲ್ಲಿ ಕೆಲಿನ್, ಅಂದರೆ ಮನೆಗೆ ತಂದ ಸೊಸೆ, ಗಂಡನ ಕಡೆಯ ಹಿರಿಯರ ಹೆಸರು ಹೇಳುವಂತಿಲ್ಲ. ಮಾವ, ಮಾವನ ಅಣ್ಣತಮ್ಮಂದಿರು, ಗಂಡನ ಅಣ್ಣಂದಿರು, ಯಾರದ್ದೂ ಇಲ್ಲ; ಅವರ ಪದವಿ ಹಿಡಿದು ಗುರುತು ಹೇಳಿದರೂ ಹೆಸರು ಹೇಳಿದ ಹಾಗೆಯೇ. ಬದಲಿಗೆ ತಾನೇ ಒಂದು ಹೆಸರು ಕಟ್ಟಿಕೊಳ್ಳಬೇಕು. ಅಯ್ಜಮಾಲಳ ಮಾವ ನಮ್ಮೂರಿನ ಪಂಚಾಯಿತಿ ಮುಖ್ಯಸ್ಥ. ಬಿಳಿ ಕುದುರೆ ಏರಿ ಹೊಲ ಸುತ್ತುತ್ತಾನೆ. ಆ ವಂಶದ ಸೊಸೆಯರಿಗೆಲ್ಲ ಅವನು 'ಬಿಳಿ ಕುದುರೆಯವರು'. ನಾನೂ ಆ ವಂಶದ ಸೊಸೆಯೇ. ನನ್ನ ಗಂಡನಿಗೆ ಅವನು ದೊಡ್ಡಪ್ಪನ ಮಗ, ನನಗೆ ದೊಡ್ಡ ಭಾವ. ಇಪ್ಪತ್ತಾರು ವರ್ಷ ಅವನ ಹೆಸರು ನನ್ನ ನಾಲಗೆ ಮುಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಅಯ್ಜಮಾಲ್ ತಲೆ ಹಿಡಿದುಕೊಂಡು ಕೂತಳು. ಕಣ್ಣ ಮುಂದೆ ಕಿಡಿ ಹಾರುತ್ತಿದೆ ಅಂದಳು. ಅತ್ತೆ ಸಾಕಿನ್ ನೀರು ಕೊಟ್ಟು, "ಬಿಸಿಲು, ಸ್ವಲ್ಪ ಹೊತ್ತು ನೆರಳಲ್ಲಿ ಕೂತು ಕಾಳು ಆರಿಸು," ಅಂದಳು. ನೆರಳಲ್ಲಿ ಕೂತು ಕಾಳು ಆರಿಸುತ್ತಿದ್ದವಳು ಹಾಗೇ ಒರಗಿದಳು. ಕೈಕಾಲು ಸೆಟೆದವು. ಬಾಯಲ್ಲಿ ನೊರೆ. ಟಾರ್ಪಾಲಿನ ಮೇಲಿನ ಕಾಳು ನಾಲ್ಕೂ ಕಡೆ ಚೆಲ್ಲಿತು.

ಕಾರು ಮನೆ ಯಜಮಾನನ ಹತ್ತಿರ ಇತ್ತು. ಹೊರಗಿನಿಂದ ಬಂದ ಕಾಳು ವ್ಯಾಪಾರಿಗಳನ್ನು ಹೊಳೆದಡಕ್ಕೆ ಊಟಕ್ಕೆ ಕರೆದುಕೊಂಡು ಹೋಗಿದ್ದ. ಸಾಕಿನ್ ಫೋನ್ ಮಾಡಿದಳು. "ನೆಂಟರನ್ನ ಅರ್ಧ ಊಟದಲ್ಲಿ ಎಬ್ಬಿಸ್ಲಾ? ಮುಖಕ್ಕೆ ನೀರು ಹಾಕಿ. ಬರ್ತೀನಿ," ಅಂದ.

ಕಿರಿಸೊಸೆ ಜಿಪಾರ್ ಆಂಬ್ಯುಲೆನ್ಸಿಗೆ ಕರೆ ಮಾಡಿದಳು. ಮದುವೆಯಾಗಿ ಐದು ತಿಂಗಳಾಗಿತ್ತು ಅವಳಿಗೆ. ನಂಬರ್ ಬಾಯಿಪಾಠ ಇತ್ತು. ನಾನೇ ಕಲಿಸಿದ್ದೆ. ಏನಾಗುತ್ತಿದೆ ಎಂದು ಸರಿಯಾಗಿ ಹೇಳಿದಳು. ಎಷ್ಟು ತಿಂಗಳು ಎಂದು ಹೇಳಿದಳು. ಊರ ಹೆಸರು ಹೇಳಿದಳು.

"ಯಾರ ಮನೆ?"

ನಮ್ಮೂರಿನ ಬೀದಿಗಳಿಗೆ ಹೆಸರಿಲ್ಲ, ಮನೆಗಳಿಗೆ ನಂಬರಿಲ್ಲ. ಮನೆಯೆಂದರೆ ಯಜಮಾನನ ಹೆಸರು. ಹೊಲವೆಂದರೂ ಅದೇ ಹೆಸರು.

"ಬಿಳಿ ಕುದುರೆಯವರ ಹೊಲ," ಅಂದಳು ಜಿಪಾರ್.

ಡ್ರೈವರ್ ಪಟ್ಟಣದವನು, ಹೊಸಬ. ದಾರಿಯಲ್ಲಿ ಕೇಳಿದ. ಯಾರೋ ಕೆಳಗಿನ ಊರು ತೋರಿಸಿದರು. ಅಲ್ಲೊಬ್ಬ ಕುದುರೆ ಸಾಕುವವನಿದ್ದ, ಅವನ ಹತ್ತಿರ ಮೂರು ಬಿಳಿ ಕುದುರೆ. ಡ್ರೈವರ್ ಅಲ್ಲಿಗೆ ಹೋಗಿ ವಾಪಸು ಫೋನ್ ಮಾಡಿದ. "ಯಜಮಾನನ ಹೆಸರು ಹೇಳಮ್ಮ." ಜಿಪಾರ್ ಹೇಳಲಿಲ್ಲ. "ನಂಗೆ ಹೇಳೋಕಾಗಲ್ಲ ಅಣ್ಣ, ನಾನು ಸೊಸೆ," ಅಂದಳು. ಫೋನನ್ನು ಅತ್ತೆಗೆ ಕೊಟ್ಟಳು. ಅತ್ತೆ ಗಂಡನ ಹೆಸರು ಹೇಳುತ್ತಾಳೆಯೇ? ಅವಳು ಪಕ್ಕದವಳಿಗೆ ಕೊಟ್ಟಳು. ಆ ಫೋನು ಕೈಯಿಂದ ಕೈಗೆ ಹೋಯಿತಂತೆ. ಇಪ್ಪತ್ತು ಹೆಂಗಸರು, ಎಲ್ಲರೂ ಒಂದೇ ವಂಶದ ಸೊಸೆಯರು. ಒಬ್ಬಳು ಗುಡ್ಡದ ಗುರುತು ಹೇಳಿದಳು. ಇನ್ನೊಬ್ಬಳು ಮುರಿದ ಸೇತುವೆ ಅಂದಳು. ಹೆಸರೊಂದು ಬಿಟ್ಟು ಎಲ್ಲ ಹೇಳಿದರು.

ಆಂಬ್ಯುಲೆನ್ಸ್ ಬಂದದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. ಅಷ್ಟರಲ್ಲಿ ಮೂರು ಸಲ ಸೆಳೆತ ಬಂದು ಹೋಗಿತ್ತು. ಮಗುವೂ ಹೋಯಿತು.

ನಾನು ಅಲ್ಲಿರಲಿಲ್ಲ. ಮೇಲಿನ ಊರಿನಲ್ಲಿ ಲಸಿಕೆ ಹಾಕುತ್ತಿದ್ದೆ. ಇದ್ದಿದ್ದರೆ ಹೇಳುತ್ತಿದ್ದೆನೇ? ಈ ಪ್ರಶ್ನೆಯನ್ನು ನನಗೆ ನಾನು ಕೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಇಪ್ಪತ್ತು ದಿನಕ್ಕೆ ಜಿಲ್ಲೆಯಿಂದ ವಿಚಾರಣೆಗೆ ಬಂದರು.

ಪಂಚಾಯಿತಿ ಕಚೇರಿಯಲ್ಲಿ ಉದ್ದನೆ ಮೇಜು. ಆ ಕಡೆ ಜಿಲ್ಲೆಯ ಡಾಕ್ಟರಮ್ಮ ನಾಝಿರಾ, ಇನ್ನಿಬ್ಬರು. ಈ ಕಡೆ ನಾನು. ದೊಡ್ಡ ಭಾವ ಕಿಟಕಿಯ ಹತ್ತಿರ ತನ್ನದೇ ಕುರ್ಚಿಯಲ್ಲಿ ಕೂತಿದ್ದ, ಬಿಳಿ ಟೋಪಿ ಮೊಣಕಾಲ ಮೇಲೆ.

"ಆಸ್ಪತ್ರೆಗೆ ಕಳಿಸಬೇಡಿ ಅಂತ ಅಡ್ಡ ಬಂದವರು ಯಾರು?" ಎಂದು ಡಾಕ್ಟರಮ್ಮ ಕೇಳಿದರು.

"ಮನೆಯ ಹಿರಿಯರು," ಅಂದೆ.

"ಹೆಸರು?"

ನಾನು ನೆಲ ನೋಡಿದೆ. ಐವತ್ತು ವರ್ಷದ ಹೆಂಗಸು. ಸಾವಿರದ ಮೇಲೆ ಮಕ್ಕಳಿಗೆ ಸೂಜಿ ಚುಚ್ಚಿದ ಕೈ. ನಾಲಗೆ ಎದ್ದೇಳಲಿಲ್ಲ.  ಮದುವೆಯ ದಿನ ತಲೆಗೆ ಬಟ್ಟೆ ಮುಚ್ಚಿ ಕೂರಿಸಿದಾಗಿನ ಹಾಗೆ ಕಿವಿಯಲ್ಲಿ ಗುಂಯ್‌ಗುಟ್ಟಿತು. ಡಾಕ್ಟರಮ್ಮನೂ ಒಂದು ಮನೆಯ ಸೊಸೆಯೇ. ಅರ್ಥ ಮಾಡಿಕೊಂಡರು. "ಆಯ್ತು ಬಿಡಿ," ಅಂದರು. ನನ್ನ ಮೇಲೆ ಕರುಣೆ ತೋರಿಸಿದೆನೆಂದುಕೊಂಡಿರಬೇಕು.

ಕಿಟಕಿಯ ಕಡೆಯಿಂದ ದೊಡ್ಡ ಭಾವ ಸಮಾಧಾನವಾಗಿ ಹೇಳಿದ. "ನಾವೆಲ್ಲ ಹೇಳಿದ್ವಿ ಆಸ್ಪತ್ರೆಗೆ ಹೋಗು ಅಂತ. ಹಟಮಾರಿ ಹುಡುಗಿ. ಕೇಳ್ಲಿಲ್ಲ. ಈ ಕೆಲಿನ್‌ಗೂ ಗೊತ್ತು."

ಈ ಕೆಲಿನ್ ಅಂದರೆ ನಾನು.  ಕಾಗದದಲ್ಲಿ ಬರೆದರು: 'ಗರ್ಭಿಣಿಯು ನರ್ಸಿನ ಸಲಹೆಯನ್ನು ಸ್ವತಃ ನಿರಾಕರಿಸಿದಳು.' ನಾನು ಸಹಿ ಹಾಕಿದೆ.

ಸತ್ತವಳ ಮೇಲೆ ಸಾವಿನ ತಪ್ಪು ಹೊರಿಸಿದವರಲ್ಲಿ ನಾನೂ ಒಬ್ಬಳು. ಇದಕ್ಕೆ ಯಾರೂ ನನ್ನನ್ನು ಕ್ಷಮಿಸುವುದು ಬೇಕಿಲ್ಲ. ನನಗೆ ಬೇಕಾದದ್ದು ಬೇರೆ. ಆ ಚಳಿಗಾಲವೆಲ್ಲ ಹಿಟ್ಟು ನಾದುವಾಗ, ಹಸು ಕರೆಯುವಾಗ, ಬೂದಿ ತೆಗೆಯುವಾಗ ನನಗೆ ಬೇಕಾದದ್ದು ಒಂದೇ ಆಗಿತ್ತು. ಅವನ ಸಮಾಧಾನದ ಮುಖ ಒಡೆಯಬೇಕು. ಎಲ್ಲರ ಮುಂದೆ ಒಡೆಯಬೇಕು.

ಏಪ್ರಿಲ್‌ನಲ್ಲಿ ಜಿಪಾರ್ ಬಸುರಿ ಎಂದು ನನ್ನ ಪುಸ್ತಕದಲ್ಲಿ ದಾಖಲಾದಳು. ಅದೇ ಮನೆ, ಅದೇ ಅತ್ತೆ, ಅದೇ ಮಾವ. ಹೆರಿಗೆ ನವೆಂಬರ್ ಮೊದಲಿಗೆ. ನಡುವೆ ಬೀನ್ಸ್ ಕೊಯ್ಲು. ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. 

ಮುಂದಿನ ಗುರುವಾರ ಕೋಣೆಯಲ್ಲಿ ಏಳು ಜನ ಇದ್ದರು. ಗೋಡೆಗೆ ಅಪಾಯದ ಚಿಹ್ನೆಗಳ ಚಿತ್ರ. ಮೇಜಿನ ಮೇಲೆ ಪ್ಲಾಸ್ಟಿಕ್ ಗೊಂಬೆ, ಹಾಲೂಡಿಸುವುದು ತೋರಿಸಲು ನಾನೇ ಉಣ್ಣೆ ಕಂಬಳಿಯಿಂದ ಹೊಲಿದ ಮೊಲೆ. ಅದನ್ನು ನೋಡಿ ಹೊಸಬರು ನಗುತ್ತಾರೆ, ಪಾಠ ಅಲ್ಲಿಂದ ಶುರುವಾಗುತ್ತದೆ. ಅವತ್ತು ಅದನ್ನು ಪಕ್ಕಕ್ಕಿಟ್ಟೆ.

"ಇವತ್ತು ಬೇರೆ ಪಾಠ. ಆಂಬ್ಯುಲೆನ್ಸಿಗೆ ಫೋನ್ ಮಾಡಿದೀರಿ. ಯಾರ ಮನೆ ಅಂತ ಕೇಳ್ತಾರೆ. ಹೇಳಿ. ಮಾವನ ಹೆಸರು."

 ಮೈರಮ್ ಎಂಬುವಳು, ನಾಲ್ಕನೆ ಬಸುರಿ, ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು ನಕ್ಕಳು.

"ಅಕ್ಕಾ, ಮಾವನ ಹೆಸರು ಹೇಳಿದ್ರೆ ಹಲ್ಲು ಉದುರುತ್ತಂತೆ."

"ಮೂರು ಹೆತ್ತಿದೀಯ. ಹಲ್ಲು ಎಷ್ಟು ಉಳಿದಿವೆ?"

"ದವಡೆದು ಎರಡು ಹೋಗಿವೆ."

"ಹೆಸರು ಹೇಳದೇನೇ ಹೋಗಿವೆ. ಇನ್ನು ಭಯ ಯಾಕೆ? ಹೇಳು."

ಅವಳು ಗೊಂಬೆಯನ್ನು ಎತ್ತಿಕೊಂಡಳು. ಅದರ ಕಿವಿಗೆ ಬಾಯಿ ಇಟ್ಟು ಪಿಸುಗುಟ್ಟಿದಳು. ಕೂತವರೆಲ್ಲ ಹೋ ಎಂದರು. ಮೈರಮ್ ಮುಖ ಕೆಂಪು ಮಾಡಿಕೊಂಡು ಕೂತಳು. ಆಮೇಲೆ ನಾಲಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ತಡವಿ ನೋಡಿಕೊಂಡಳು.

ನಾಲ್ಕೇ ದಿನಕ್ಕೆ ಊರಿಗೆಲ್ಲ ಗೊತ್ತಾಯಿತು. ಐದನೇ ದಿನ ಬಿಳಿ ಕುದುರೆ ಕೇಂದ್ರದ ಮುಂದೆ ನಿಂತಿತು. ಅವನು ಕೆಳಗಿಳಿಯಲಿಲ್ಲ.

"ಕೆಲಿನ್, ಹೊರಗೆ ಬಾ."

ಹೋದೆ. ಸೊಂಟ ಬಗ್ಗಿಸಿ ವಂದಿಸಿದೆ. ದೇಹಕ್ಕೆ ಅಭ್ಯಾಸ.

"ಹಾಲು ಕುಡಿಸೋದು ಕಲಿಸು. ಕಬ್ಬಿಣದ ಮಾತ್ರೆ ಕೊಡು. ಸರ್ಕಾರ ನಿನ್ನ ಅದಕ್ಕೆ ಇಟ್ಟಿರೋದು. ನಮ್ಮ ಹೆಸರನ್ನ ಹೆಣ್ಮಕ್ಳ ಬಾಯಿಗೆ ಹಾಕಿ ಅಗಿಸೋಕಲ್ಲ."

"ಅಯ್ಜಮಾಲ್..." ಅಂದೆ.

"ನಮ್ಮ ಮನೇಲಿ ಆ ಹೆಸರು ಯಾರೂ ಎತ್ತಲ್ಲ. ದೇವರು ಕೊಟ್ಟ, ದೇವರು ಕರ್ಕೊಂಡ. ನೀನೂ ಎತ್ತಬೇಡ."

ಸಂಜೆಗೆ ಹಿಂದಿನ ಕೋಣೆಗೆ ಪಂಚಾಯಿತಿಯ ಬೀಗ ಬಿತ್ತು. ಕಟ್ಟಡ ಪಂಚಾಯಿತಿಯದು. ಗೊಂಬೆ, ಚಿತ್ರ, ಕಂಬಳಿಯ ಮೊಲೆ ಎಲ್ಲ ಒಳಗೆ. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಜೊರೊಬೆಕ್ ಅಂದ, "ನನ್ನ ಕರೆಸಿ ಬೈದ ಅಣ್ಣ. ಹೆಂಡ್ತಿ ಬಾಯಿ ಕಟ್ಟು ಅಂದ."

"ನೀನು ಏನಂದೆ?"

"ನಾನು ಕುರಿ ಬಾಯಿ ಕಟ್ಟಿದವ್ನಲ್ಲ, ಹೆಂಡ್ತಿ ಬಾಯಿ ಹೆಂಗೆ ಕಟ್ಟಲಿ ಅಂದೆ," ಎಂದು ರೊಟ್ಟಿ ಮುರಿದ. ಧೈರ್ಯದ ಮನುಷ್ಯನಲ್ಲ ಅವನು. ಆದರೆ ಸೋಮಾರಿ. ಕೆಲವು ಸಲ ಅದೂ ಒಳ್ಳೆಯದೇ.

ಬೀಗ ಹಾಕಲಾಗದ ಜಾಗ ಊರಲ್ಲಿ ಒಂದಿತ್ತು. ಊರಿನವರೆಲ್ಲ ಹೋಗುವ ಸಾರ್ವಜನಿಕ ಸ್ನಾನದ ಮನೆ. ಗುರುವಾರ ಹೆಂಗಸರ ದಿನ. ಸೊಸೆಗೆ ಪಾಠಕ್ಕೆ ಹೋಗಬೇಡ ಅನ್ನಬಹುದು, ಸ್ನಾನಕ್ಕೆ ಹೋಗಬೇಡ ಅನ್ನುವಂತಿಲ್ಲ. ನೋಡಿಕೊಳ್ಳುವವಳು ವಿಧವೆ, ಯಾರ ಹಂಗೂ ಇಲ್ಲದವಳು. ಬಸುರಿಯರನ್ನು ನಾನು ಆವಿ ತುಂಬಿದ ಬಿಸಿ ಕೋಣೆಗೆ ಬಿಡಲಿಲ್ಲ. ಬಟ್ಟೆ ಬಿಚ್ಚಿಡುವ ಹೊರಕೋಣೆಯಲ್ಲಿ, ಒದ್ದೆ ಬೆಂಚುಗಳ ಮೇಲೆ, ಒಳಅಂಗಿಯಲ್ಲಿ ಕೂತ ಹೆಂಗಸರಿಗೆ ಪಾಠ. ಗೊಂಬೆ ಇಲ್ಲ, ಚಿತ್ರ ಇಲ್ಲ. ಊದಿದ ಕಾಲನ್ನು ಊದಿದ ಕಾಲಿನಿಂದಲೇ ತೋರಿಸಿದೆ. ಬೆರಳು ಒತ್ತಿ ತೆಗೆದರೆ ಗುಂಡಿ ಉಳಿಯುತ್ತದಲ್ಲ, ಅದನ್ನು ಎಲ್ಲರೂ ಮುಟ್ಟಿ ನೋಡಿದರು. ತಲೆನೋವು, ಕಣ್ಣಿಗೆ ಕಿಡಿ, ಮುಖ ಊತ, ಮೇಲುಹೊಟ್ಟೆ ನೋವು. ಹೆರಿಗೆಯಾದ ಮೇಲೂ ಆರು ವಾರ ಎಚ್ಚರ. ರಕ್ತ ಎಷ್ಟು ಹೋದರೆ ಎಷ್ಟು ಬಟ್ಟೆ ನೆನೆಯುತ್ತದೆ. ಮತ್ತು ಕೊನೆಗೆ, ಮಾವನ ಹೆಸರು.

ಮೈರಮ್ ಖಾಲಿ ತಗಡಿನ ಬಕೆಟ್ ಎತ್ತಿ ಅದರೊಳಗೆ ಮುಖ ಇಟ್ಟು ಕೂಗಿದಳು. ಹೆಸರು ಗುಡುಗಿನ ಹಾಗೆ ಬಂತು. ಒಳಗೆ ಮೈ ಉಜ್ಜಿಕೊಳ್ಳುತ್ತಿದ್ದ ಮುದುಕಿಯರು ಬಾಗಿಲು ತೆಗೆದು ಇಣುಕಿದರು. "ಯಾರೇ ಅದು ನನ್ನ ಮೈದುನನ್ನ ಬಕೆಟ್ಟಿಗೆ ಹಾಕಿದ್ದು?" ಎಂದು ಒಬ್ಬಳು ಕೇಳಿದಳು. ನಕ್ಕು ನಕ್ಕು ಇಬ್ಬರಿಗೆ ಒಂದಕ್ಕೆ ಹೋಗುವ ಅವಸರವಾಯಿತು. ಬಕೆಟ್ ಕೈಯಿಂದ ಕೈಗೆ ಹೋಯಿತು. ಒಬ್ಬಳು ಹೇಳಿ ನಕ್ಕಳು. ಒಬ್ಬಳು ಹೇಳಿ ಅತ್ತಳು. ಒಬ್ಬಳು ಹೆಸರಿನ ಜೊತೆ ಒಂದು ಬೈಗಳನ್ನೂ ಸೇರಿಸಿದಳು. ಅದನ್ನು ಪಾಠದಲ್ಲಿ ಹೇಳಿಕೊಟ್ಟಿರಲಿಲ್ಲ.

ಜಿಪಾರ್ ಬಕೆಟ್ ಮುಟ್ಟಲಿಲ್ಲ.

"ಮೊದ್ಲು ನೀವು ಹೇಳಿ, ಅಕ್ಕ," ಅಂದಳು.

ನಾನು ನನ್ನ ಮಾವನ ಹೆಸರು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಅವರು ಹೋಗಿ ಹನ್ನೊಂದು ವರ್ಷವಾಗಿತ್ತು.

ಜಿಪಾರ್ ತಲೆಗೂದಲು ಹಿಂಡುತ್ತಾ ನನ್ನನ್ನೇ ನೋಡಿದಳು. "ಸತ್ತವರ ಹೆಸರು ಹೇಳೋದು ಸುಲಭ," ಅಂದಳು. "ನಿಮ್ಮ ದೊಡ್ಡ ಭಾವಂದು ಹೇಳಿ ನೋಡೋಣ."

ನಾನು ಬಾಯಿ ತೆರೆದೆ.  ಒಳಗೆ ನೀರು ಸುರಿಯುವ ಸದ್ದು ಮಾತ್ರ. ಬಾಯಿ ಮುಚ್ಚಿದೆ.

"ಹೂಂ," ಅಂದಳು ಜಿಪಾರ್. ಬಟ್ಟೆ ಹಾಕಿಕೊಂಡು ಹೋದಳು. ಮುಂದಿನ ಗುರುವಾರವೂ ಬಂದಳು, ಅದರ ಮುಂದಿನದಕ್ಕೂ ಬಂದಳು. ಪಾಠ ಕೇಳಿದಳು, ಕಾಲು ಒತ್ತಿ ನೋಡಿಕೊಂಡಳು. ಬಕೆಟ್ ಮುಟ್ಟಲಿಲ್ಲ. ಆ ಒಂದು ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತ್ತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಮುಳ್ಳನ್ನು ಕೀಳುವ ಮನಸ್ಸೂ ಆಗಲಿಲ್ಲ.

ಸೆಪ್ಟೆಂಬರ್ ಕೊನೆಗೆ ಅಯ್ಜಮಾಲಳ ವರ್ಷದ ಊಟ. ಹಿಂಸೆ ಕೊಟ್ಟವರೇ ಊಟ ದೊಡ್ಡದು ಮಾಡುತ್ತಾರೆ. ಕುದುರೆ ಕಡಿದರು. ಅಂಗಳದಲ್ಲಿ ಶಾಮಿಯಾನ. ಇನ್ನೂರು ಜನ. ಊರಿನ ಹಿರಿಯರು, ಅಕ್ಕಪಕ್ಕದ ಊರಿನ ಮುಖ್ಯಸ್ಥರು, ಜಿಲ್ಲೆಯ ಅಧಿಕಾರಿಗಳು. ಡಾಕ್ಟರಮ್ಮ ನಾಝಿರಾ ಕೂಡ ಬಂದಿದ್ದರು, ಹೆಂಗಸರ ಸಾಲಿನಲ್ಲಿ ಕೂತಿದ್ದರು.

ಜಿಪಾರ್ ಸಮೋವರ್ ಎಂಬ ಚಹಾ ನೀರಿನ ಹಂಡೆಯ ಪಕ್ಕ ಮೊಣಕಾಲೂರಿ ಕೂತಿದ್ದಳು. ಎಂಟು ತಿಂಗಳು. ಚಹಾ ಬಸಿಯುವುದು ಕಿರಿಸೊಸೆಯ ಕೆಲಸ. ನಮ್ಮಲ್ಲಿ ಬಟ್ಟಲನ್ನು ಪೂರ್ತಿ ತುಂಬುವುದಿಲ್ಲ. ಪೂರ್ತಿ ತುಂಬಿದರೆ ಕುಡಿದು ಎದ್ದು ಹೋಗು ಅಂದ ಹಾಗೆ. ಅರ್ಧ ಬಸಿಯಬೇಕು, ಅವರು ಕುಡಿದು ಕೊಡಬೇಕು, ಮತ್ತೆ ಅರ್ಧ. ಇನ್ನೂರು ಜನರಿಗೆ ಅರ್ಧರ್ಧ. ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ. ಪ್ರತಿ ಬಟ್ಟಲಿಗೂ ಬಲಗೈ ಚಾಚಿ ಎಡಗೈ ಎದೆಗೆ.

ನಾನು ಬಂದು ಅವಳ ಎದುರು ಕೂತೆ. ಮುಖ ಊದಿತ್ತು. ಕಣ್ಣು ಕಿರಿದಾಗಿತ್ತು.

"ತಲೆ ನೋಯ್ತಿದೆಯಾ?"

"ಬೆಳಗ್ಗೆಯಿಂದ."

"ಕಣ್ಣಿಗೆ?"

"ಚಹಾ ಬಟ್ಟಲು ಒಂದಿದ್ದದ್ದು ಎರಡು ಕಾಣ್ತಿದೆ. ಬಿಸಿ ನೀರು ಕೈಮೇಲೆ ಬಿತ್ತು. ಅತ್ತೆ ಬೈದ್ರು."

ಅಡುಗೆಮನೆಗೆ ಎಳೆದುಕೊಂಡು ಹೋದೆ. ಚೀಲದಿಂದ ಬಿ.ಪಿ. ಪಟ್ಟಿ ತೆಗೆದು ಕೈಗೆ ಸುತ್ತಿದೆ. ನೂರ ಎಂಬತ್ತು, ನೂರ ಹದಿನೈದು. ಅಲ್ಲೇ, ಹಿಟ್ಟಿನ ಮೂಟೆಗೆ ಒರಗಿಸಿ, ಸೆಳೆತ ತಡೆಯುವ ಮೆಗ್ನೀಷಿಯಂ ಚುಚ್ಚಿದೆ. ಸಾಕಿನ್ ಬಾಗಿಲಲ್ಲಿ ನಿಂತು, "ಚಹಾ ನಿಂತೋಯ್ತಲ್ಲ, ಯಾರು ಬಸೀತಾರೆ?" ಅಂದಳು. ನನ್ನ ಮುಖ ನೋಡಿ ಹಿಂದೆ ಸರಿದಳು.

ನಾನು ನೇರ ಗಂಡಸರ ಶಾಮಿಯಾನಕ್ಕೆ ಹೋದೆ. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ದೊಡ್ಡ ಭಾವ ಕುದುರೆಯ ತೊಡೆ ಮಾಂಸವನ್ನು ಅಧಿಕಾರಿಯ ತಟ್ಟೆಗೆ ಹಾಕುತ್ತಿದ್ದ.

"ಕಾರು ಬೇಕು. ಈಗಲೇ. ಜಿಪಾರ್‌ಗೆ ಅದೇ ಕಾಯಿಲೆ."

ಮಾಂಸದ ಚಾಕು ನಿಲ್ಲಲಿಲ್ಲ. "ನೆಂಟರು ಕೂತಿದಾರೆ ಕೆಲಿನ್. ಪ್ರಾರ್ಥನೆ ಆಗ್ಲಿ. ಅರ್ಧ ಗಂಟೆ. ಅವಳನ್ನ ಮಲಗ್ಸು."

ಪಕ್ಕದಲ್ಲಿದ್ದ ಮುದುಕನೊಬ್ಬ ಗಡ್ಡ ಒರೆಸಿಕೊಂಡ. "ಈಗಿನ ಹೆಣ್ಮಕ್ಳಿಗೆ ಎಲ್ಲಾನೂ ಕಾಯಿಲೆ. ನಮ್ಮವ್ವ ಒಲೆ ಮೇಲಿನ ಹಾಲು ಉಕ್ಕೋದ್ರೊಳಗೆ ಹೆತ್ತಿದ್ಲು ನನ್ನ."

"ಎಷ್ಟು ಹೆತ್ರು ನಿಮ್ಮವ್ವ?"

"ಹನ್ನೊಂದು."

"ಆ ಹಾಲು ಕುಡಿಯೋಕೆ ಎಷ್ಟು ಜನ ಉಳಿದ್ರಿ?"

ಮುದುಕ ತಟ್ಟೆಯ ಮೂಳೆ ಎತ್ತಿಕೊಂಡ. ಅಷ್ಟರಲ್ಲಿ ಅಂಗಳ ಸುಮ್ಮನಾಯಿತು. ತಿರುಗಿ ನೋಡಿದೆ.

ಜಿಪಾರ್ ಅಡುಗೆಮನೆಯಿಂದ ಹೊರಗೆ ಬಂದಿದ್ದಳು. ತಲೆವಸ್ತ್ರ ಜಾರಿತ್ತು. ಸರಿ ಮಾಡಿಕೊಳ್ಳಲಿಲ್ಲ. ಒಂದು ಕೈ ಕಂಬಕ್ಕೆ, ಒಂದು ಕೈಯಲ್ಲಿ ಕಿವಿಗೆ ಫೋನು. ಇನ್ನೂರು ಜನರ ನಡುವೆ ನಿಂತು ಮಾತಾಡುತ್ತಿದ್ದಳು. ಪಾಠ ಒಪ್ಪಿಸುವ ಹಾಗೆ ಮಾತಾಡುತ್ತಿದ್ದಳು. ಎಂಟು ತಿಂಗಳು. ಬಿ.ಪಿ. ನೂರ ಎಂಬತ್ತು. ಕಣ್ಣು ಮಂಜು. ಊರು ಇಂಥದ್ದು.

ಆಮೇಲೆ ಒಂದು ಗಳಿಗೆ ನಿಂತಳು. ಆ ಕಡೆಯವರು ಕೇಳಿದ್ದಾರೆ ಎಂದು ಅಲ್ಲಿದ್ದ ಪ್ರತಿ ಹೆಂಗಸಿಗೂ ತಿಳಿಯಿತು.

ಅವಳು ಮಾವನ ಕಡೆ ತಿರುಗಿದಳು. ಅವನ ಮುಖ ನೋಡಿಕೊಂಡೇ ಹೇಳಿದಳು.

"ಸಾತಿಬಲ್ದಿಯ ಮನೆ."

ಯಾರದೋ ಕೈಯ ಬಟ್ಟಲು ಬಿತ್ತು. ಸಾಕಿನ್ ಕಿವಿ ಮುಚ್ಚಿಕೊಂಡಳು.

"ಹೌದು. ಸಾತಿಬಲ್ದಿ. ಪಂಚಾಯಿತಿ ಮುಖ್ಯಸ್ಥ. ಯಾರನ್ನ ಕೇಳಿದ್ರೂ ತೋರಿಸ್ತಾರೆ. ನಾನು ಅವ್ನ ಸೊಸೆ."

ಅವನ ಸೊಸೆ ಅಂದಳು. ಅವರ ಅನ್ನಲಿಲ್ಲ. ಮೊಣಕಾಲು ಕುಸಿಯಿತು. ನಾನು ಓಡಿ ಹಿಡಿದುಕೊಂಡೆ. ಫೋನು ನನ್ನ ಕೈಗೆ ಬಂತು. "ಅಲ್ಲಿ ಆರೋಗ್ಯದವರು ಯಾರಾದ್ರೂ ಇದಾರಾ?" ಎಂದು ಕೇಳುತ್ತಿದ್ದರು.

"ಇದೀನಿ. ನರ್ಸ್ ಕುಲಿಪಾ. ಮೊದಲ ಡೋಸ್ ಕೊಟ್ಟಿದೀನಿ. ಸಾತಿಬಲ್ದಿಯ ಮನೆಗೆ ಬನ್ನಿ. ಬೇಗ."

ಬಂತು. ಆ ಹೆಸರು ನನ್ನ ಬಾಯಿಂದ ಬಂತು. ಹಲ್ಲು ಉದುರಲಿಲ್ಲ. ಬಾಯಿ ಸುಡಲಿಲ್ಲ. ಇಪ್ಪತ್ತಾರು ವರ್ಷ ಗಂಟಲಲ್ಲಿದ್ದದ್ದು ಉಗುಳಿನ ಹಾಗೆ ಬಂತು. ಒಮ್ಮೆ ಬಂದ ಮೇಲೆ ನಿಲ್ಲಲಿಲ್ಲ. ಜಿಪಾರಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗಡೆ ಹೊರಳಿಸಿ, ಕೂತಲ್ಲಿಂದಲೇ ಶಾಮಿಯಾನಕ್ಕೆ ಕೇಳುವ ಹಾಗೆ ಹೇಳಿದೆ.

"ಡಾಕ್ಟರಮ್ಮ, ಹೋದ ವರ್ಷ ನೀವು ಕೇಳಿದ್ರಿ. ಯಾರು ಅಡ್ಡ ಬಂದ್ರು ಅಂತ. ಸಾತಿಬಲ್ದಿ. ಕಾರು ಯಾರ ಹತ್ರ ಇತ್ತು? ಸಾತಿಬಲ್ದಿ ಹತ್ರ. ಊಟ ಮುಗೀಲಿ ಅಂದೋನು ಸಾತಿಬಲ್ದಿ. ಈಗ್ಲೂ ಪ್ರಾರ್ಥನೆ ಆಗ್ಲಿ ಅಂದ. ಅಯ್ಜಮಾಲ್ ಹಟಮಾರಿಯಲ್ಲ. ನಾನು ಸುಳ್ಳಿಗೆ ಸಹಿ ಹಾಕಿದೀನಿ. ಬರ್ಕೊಳ್ಳಿ."

ಅವನು ಎದ್ದು ನಿಂತಿದ್ದ. ಮುಖದಲ್ಲಿ ಸಮಾಧಾನ ಇರಲಿಲ್ಲ. ನಾನು ಅದನ್ನು ನೋಡಿದೆ. ಕಣ್ತುಂಬ ನೋಡಿದೆ. ಇನ್ನೂರು ಜನರಲ್ಲಿ ಒಬ್ಬರೂ ಅವನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ತಟ್ಟೆ ನೋಡುತ್ತಿದ್ದರು. ಹೆಂಗಸರ ಸಾಲಿನಿಂದ ಮೈರಮ್ ಎದ್ದು ಬಂದು ನಮ್ಮ ಮುಂದೆ ಅಡ್ಡ ನಿಂತಳು, ಎದೆಗವುಚಿಕೊಂಡ ಆರು ವಾರದ ಕೂಸಿನ ಸಮೇತ. ಆಮೇಲೆ ಇನ್ನಿಬ್ಬರು ಬಂದರು.

ಆಂಬ್ಯುಲೆನ್ಸ್ ಹದಿನೆಂಟು ನಿಮಿಷಕ್ಕೆ ಬಂತು.

ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಜಿಪಾರ್ ಮೂರು ದಿನ ಕಣ್ಣು ಬಿಟ್ಟು ಬಿಟ್ಟು ಮುಚ್ಚಿದಳು. ನಾಲ್ಕನೆಯ ದಿನ ಹಸಿವು ಅಂದಳು.

ವಿಚಾರಣೆ ಮತ್ತೆ ತೆರೆದಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ. ಅವನು ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ. ನನ್ನ ಮೇಲೂ ಸುಳ್ಳು ಸಹಿಯ ಆರೋಪ ಇದೆ. ಇರಲಿ. ಹಿರಿಯರು ಕುರಿ ತಂದು ತಪ್ಪೊಪ್ಪಿಕೋ ಎಂದು ನನ್ನ ಗಂಡನಿಗೆ ಹೇಳಿಕಳಿಸಿದರು. ಕುರಿ ಮೇಯಲು ಹೋಗಿದೆ ಎಂದು ಅವನು ಉತ್ತರ ಕಳಿಸಿದ.

ಮಗುವಿಗೆ ಹೆಸರಿಡುವುದು ಗಂಡನ ಮನೆಯ ಹಿರಿಯ. ತಾಯಿಗೆ ಆ ಹಕ್ಕಿಲ್ಲ. ಹನ್ನೆರಡನೆಯ ದಿನ ಆಸ್ಪತ್ರೆಯ ಕಾರ್ಡು ತುಂಬಲು ನಾನು ಜಿಪಾರಳ ಪಕ್ಕ ಕೂತಿದ್ದೆ. ಅವಳು ಕೂಸಿಗೆ ಹಾಲು ಕೊಡುತ್ತಾ, ತಲೆ ಎತ್ತದೆ ಹೇಳಿದಳು.

"ಅಯ್ಜಮಾಲ್ ಅಂತ ಬರೀರಿ."

"ಅಕಾಲದಲ್ಲಿ ಹೋದವಳ ಹೆಸರು ಕಣೇ. ಜನ ಇಡಲ್ಲ."

"ಅದಕ್ಕೇ. ಆ ಮನೇಲಿ ಅವಳ ಹೆಸರು ಎತ್ತೋ ಹಾಗಿರಲಿಲ್ಲ. ಇನ್ಮೇಲೆ ದಿನಾ ಕರೀಲಿ. ಊಟಕ್ಕೆ ಕರೀಲಿ, ಸ್ಕೂಲಿಗೆ ಕಳ್ಸೋಕೆ ಕರೀಲಿ."

ಹಾಲುಗೂಸಿನ ಹೆಗಲಿಗೆ ಸೇಡು ಹೊರಿಸಬೇಡ ಎಂದು ನಾನು ಹೇಳಬೇಕಿತ್ತು. ವಯಸ್ಸಾದವಳು, ತಾಯಂದಿರಿಗೆ ಪಾಠ ಮಾಡುವವಳು. ಹೇಳಲಿಲ್ಲ. ಬರೆದೆ.

ಬಿಡುಗಡೆಯ ದಿನ ಆಸ್ಪತ್ರೆಯ ಬಾಗಿಲಲ್ಲಿ ಎರಡು ಕಾರು ನಿಂತಿದ್ದವು. ಒಂದು ಅವನದು. ಇನ್ನೊಂದು ಜಿಪಾರಳ ಅಣ್ಣನದು, ತವರಿಗೆ ಕರೆದುಕೊಂಡು ಹೋಗಲು. ಅಣ್ಣನ ಹಾಗೇ ಮಾಸ್ಕೋಗೆ ಕೆಲಸಕ್ಕೆ ಹೋಗಿದ್ದ ಅವಳ ಗಂಡ ಫೋನಿನಲ್ಲಿ, "ನಿನ್ನಿಷ್ಟ," ಎಂದಷ್ಟೇ ಹೇಳಿದ್ದ. ಕೂಸನ್ನು ಹೊರಗೆ ತಂದು ಮನೆಯವರ ಕೈಗೆ ಕೊಡುವುದು ನರ್ಸಿನ ಪದ್ಧತಿ. ನಾನೇ ಎತ್ತಿಕೊಂಡು ಬಂದೆ. ಜಿಪಾರ್ ಪಕ್ಕದಲ್ಲಿ, ಹೊಟ್ಟೆ ಹಿಡಿದುಕೊಂಡು, ನೆಟ್ಟಗೆ.

ಅವನು ಹೊಸ ಕೋಟು ಹಾಕಿದ್ದ. ಹಿಂದೆ ಸಾಕಿನ್, ಕೈಯಲ್ಲಿ ಹೂ. ಊರಿನವರು ನಾಲ್ಕೈದು ಜನ ಇದ್ದರು. ಮೊಮ್ಮಗುವನ್ನು ಅವನು ಎತ್ತಿಕೊಂಡು ಹೋದದ್ದನ್ನು ಊರಿಗೆ ಹೇಳಲು ಬಂದಿದ್ದರು. ಅವನಿಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದು ಚಾಚಿದ ಕೈಗಳಲ್ಲಿ ಕಾಣುತ್ತಿತ್ತು.

ನಾನು ಕೊಡಲಿಲ್ಲ.

"ಹೆಸರು ಹಿಡಿದು ಕರೀರಿ, ಮಾವ," ಅಂದಳು ಜಿಪಾರ್. "ಆಮೇಲೆ ಎತ್ಕೊಳ್ಳಿ. ಇಲ್ದಿದ್ರೆ ಅಣ್ಣನ ಕಾರಿದ್ಯಲ್ಲ."

ಅವನು ಕೂಸಿನ ಮಣಿಕಟ್ಟಿನ ಮೇಲೆ ಹೆಸರು ಬರೆದಿದ್ದ ಪಟ್ಟಿಯನ್ನು ನೋಡಿದ. ಓದಿದ. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಸಾಕಿನ್ ಹೂವಿನಲ್ಲಿ ಮುಖ ಮುಚ್ಚಿಕೊಂಡಳು. ಊರಿನವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಕೂಸನ್ನು ಎಡತೋಳಿನಿಂದ ಬಲತೋಳಿಗೆ ಬದಲಿಸಿಕೊಂಡೆ.

ಕೊನೆಗೆ ಅವನ ತುಟಿ ಅಲುಗಿತು. ಏನೋ ಅಂದ. ಗಡ್ಡದೊಳಗೇ ಅಂದ.

ಜಿಪಾರ್ ಒಂದು ಹೆಜ್ಜೆ ಮುಂದೆ ಬಂದಳು.

"ಕೇಳಿಸ್ಲಿಲ್ಲ," ಅಂದಳು. "ಇನ್ನೊಂದ್ಸಲ."